ಹವಾಲ್ದಾರರು ಒರೆಸಿದ ವಿಭೂತಿ

ಲಕ್ಷ್ಮೇಶ್ವರದಿಂದ ಹವಾಲ್ದಾರರ ಮಗಳು ಫೋನು ಮಾಡಿ “ಅಬ್ಬಾ ಹೋದ್ರು, ಬಾಯಾರ” ಎಂದಾಗ ನಾನು ನಮ್ಮ ಪತ್ರಾಗಾರದಲ್ಲಿ ಫ್ಯಾನು ರಿಪೇರಿಯವನ ಜೊತೆ ಜಗಳವಾಡುತ್ತಿದ್ದೆ. ಜಗಳ ಅಲ್ಲಿಗೇ ನಿಂತಿತು. “ಇವತ್ತ ಬ್ಯಾಡ, ನಾಳಿ ಬಾರಪ್ಪಾ” ಎಂದು ಅವನನ್ನು ಕಳಿಸಿ ಕುರ್ಚಿಯಲ್ಲಿ ಕೂತೆ. ಅಳು ಬರಲಿಲ್ಲ, ಸುಸ್ತಾಯಿತು. ವಯಸ್ಸಾಗಿತ್ತು, ಹಾಸಿಗೆ ಹಿಡಿದಿದ್ದರು, ಹೋಗುವುದು ಗೊತ್ತಿದ್ದದ್ದೇ. ಒಂದೇ ಸಮಾಧಾನವೆಂದರೆ, ಕೊನೆಗಾಲದಲ್ಲಿ ಅವರನ್ನು ಬಿಡದೆ ಕಾಡಿದ ಒಂದು ಕೆಲಸ ಮುಗಿದಿತ್ತು. ಹಿರೇವಡ್ಡಟ್ಟಿಯ ಒಬ್ಬ ಹೆಣ್ಣುಮಗಳಿಗೆ, ಯುದ್ಧದಲ್ಲಿ ಸತ್ತ ಆಕೆಯ ಗಂಡನ ಮುಖ ಯಾವುದೆಂದು ತೋರಿಸಿಕೊಡುವ ಕೆಲಸ ಅದು. ಆ ಮುಖ ಅವರೇ ತೆಗೆದ ಫೋಟೋ ಒಂದರಲ್ಲಿತ್ತು. ಆದರೆ ಆ ಫೋಟೋದಲ್ಲಿ ಇಬ್ಬರಿದ್ದರು. ಇಬ್ಬರಲ್ಲಿ ಯಾರು ಎಂಬುದಕ್ಕಾಗಿ ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಅರ್ಧದಷ್ಟು ನಾನೂ ಪಟ್ಟಿದ್ದೇನೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಫೋಟೋಗಳ ಕೆಳಗೂ ತಮ್ಮ ಹೆಸರು ಹಾಕಲು ಅವರು ಬಿಟ್ಟಿರಲಿಲ್ಲ. “ನನ್ನ ಹೆಸರು ಬಂತಂದ್ರ ಮಂದಿ ನನ್ನ ನೋಡತಾರ್ರೀ, ಈ ಹುಡುಗರನ್ನ ನೋಡೂದಿಲ್ಲ” ಎನ್ನುತ್ತಿದ್ದರು. ಊರವರಿಗೆ ಅವರು ಹವಾಲ್ದಾರರು, ನನಗೂ ಹಾಗೇ. ಅವರಿಗೆ ನಾನು ‘ಬಾಯಾರು’, ಈ ಕಡೆ ಓದಿದ ಹೆಣ್ಣುಮಗಳಿಗೆ ಅನ್ನುವ ಹಾಗೆ.

ಗದಗಿನಿಂದ ಬೆಟಗೇರಿಗೆ ಹೋಗುವ ದಾರಿಯಲ್ಲಿ, ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಪತ್ರಾಗಾರ. ಹೆಸರು ದೊಡ್ಡದು, ಕೋಣೆ ಎರಡೇ. ಹಳೆಯ ಕಾಗದ, ಜಿನ್ನಿಂಗ್ ಮಿಲ್ಲಿನ ಲೆಕ್ಕ, ಲಗ್ನಪತ್ರಿಕೆ, ಹೀಗೆ ಏನೆಲ್ಲ ತಂದು ಸುರಿಯುತ್ತಾರೆ. ಮನೆಯಲ್ಲಿ ಜಾಗವಿಲ್ಲದ್ದಕ್ಕೆಲ್ಲ ಜನ ಇತಿಹಾಸ ಎಂದು ಹೆಸರಿಡುತ್ತಾರೆ. ಅದನ್ನು ಒಪ್ಪಿಕೊಂಡು, ಧೂಳು ಜಾಡಿಸಿ, ಕೆಮ್ಮಿ, ಚೀಟಿ ಅಂಟಿಸಿ ಇಡುವುದು ನನ್ನ ಕೆಲಸ. ನಿವೃತ್ತಿ ಹತ್ತಿರ ಬಂದಿದೆ. ಉಮೇದು ಅದಕ್ಕಿಂತ ಮೊದಲೇ ನಿವೃತ್ತಿಯಾಗಿದೆ.

ಅಂಥ ದಿನಗಳಲ್ಲಿ ಅವರು ಬಂದರು. ಬಾಂಗ್ಲಾ ಯುದ್ಧದ ಕಾಲದಲ್ಲಿ ತಾವು ಪಲ್ಟನ್ನಿನ ಲಾರಿ ಓಡಿಸುತ್ತಿದ್ದೆವೆಂದೂ, ಆಗ ತೆಗೆದ ಫೋಟೋಗಳು ಒಂದು ಟ್ರಂಕಿನಲ್ಲಿವೆಯೆಂದೂ, ತಮ್ಮ ನಂತರ ಅವನ್ನು ನೋಡಿಕೊಳ್ಳುವವರಿಲ್ಲವೆಂದೂ ನಿಂತೇ ಹೇಳಿದರು. ಕುಂಡ್ರಿ ಎಂದರೆ ಕೂಡಲಿಲ್ಲ. ತನ್ನಿ, ನಮ್ಮ ಕಾರ್ಯದರ್ಶಿಗಳ ಎದುರಿಗೆ ಒಪ್ಪಿಸಿಬಿಡಿ ಎಂದು ನಾನು ಒಂದು ದಿನ ಗೊತ್ತುಮಾಡಿದೆ. ಮಾತು ಅಷ್ಟೇ ಆಗಿದ್ದು. ಅವರು ಅದನ್ನು ಹುಕುಂ ಎಂದು ಹೊತ್ತುಕೊಂಡು ಹೋದರೆಂದು ನನಗೆ ಆಮೇಲೆ ತಿಳಿಯಿತು.

ಗೊತ್ತಾದ ದಿನ ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವರು ಮೆಟ್ಟಿಲ ಮೇಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ಟೊಪ್ಪಿಗೆ, ಕನ್ನಡಿಯಂತೆ ಪಾಲಿಶ್ ಮಾಡಿದ ಬೂಟು. ಒಳಗೆ ಬಂದವರೇ ನೆಲದ ಮೇಲೆ ಮಿಲಿಟರಿ ಕಂಬಳಿ ಹಾಸಿ, ಫೋಟೋಗಳನ್ನು ಮೂಲೆಗೆ ಮೂಲೆ ಕೂಡಿಸಿ ಸಾಲಾಗಿ ಇಟ್ಟರು. ಕಾರ್ಯದರ್ಶಿಗಳು ಬಂದಾಗ ಕಂಬಳಿಯ ಪಕ್ಕ ಸೆಟೆದು ನಿಂತು, “ಇನಸ್ಪೆಕ್ಷನ್ ಮಾಡ್ರಿ ಸರ್” ಎಂದರು. ಮದುವೆ ಮನೆಯ ಪಂಕ್ತಿಯನ್ನು ಬಿಟ್ಟರೆ ಜನ್ಮದಲ್ಲಿ ಯಾವ ಸಾಲನ್ನೂ ಪರೀಕ್ಷೆ ಮಾಡದ ನಮ್ಮ ಕಾರ್ಯದರ್ಶಿಗಳು ಕೈ ಹಿಂದೆ ಕಟ್ಟಿಕೊಂಡು ಆ ತುದಿಯಿಂದ ಈ ತುದಿಗೆ ನಡೆದರು. ಅಷ್ಟು ಹಳೆಯ ಫೋಟೋಗಳು ಹಾಗೆ ಹೊಳೆಯುವುದನ್ನು ನಾನು ನೋಡಿರಲಿಲ್ಲ. ಒಂದು ಕಲೆ ಇಲ್ಲ, ಧೂಳಿಲ್ಲ, ಬೆರಳಿನ ಗುರುತಿಲ್ಲ. “ಭಾಳ ಚಲೋ ಇಟ್ಟೀರಿ” ಎಂದೆ. ಅವರು ಹಿಗ್ಗಿದರು.

ಕಾರ್ಯದರ್ಶಿಗಳಿಗೆ ಮಾತ್ರ ನಿರಾಸೆ. “ಅಲ್ರೀ ಹವಾಲ್ದಾರ್ರ, ಇದರಾಗ ಯುದ್ಧ ಎಲ್ಲೈತಿ?” ಎಂದು ಕೇಳಿದರು. ಕೇಳಿದ್ದು ತಪ್ಪಲ್ಲ. ಟ್ಯಾಂಕಿಲ್ಲ, ಹೊಗೆಯಿಲ್ಲ, ಬಾವುಟ ಹಾರಿಸುವವರಿಲ್ಲ. ಬನಿಯನ್ ಹಾಕಿಕೊಂಡು ಕಣಕ ನಾದುವವನೊಬ್ಬ, ಬಕೆಟ್ಟಿನ ಮೇಲೆ ಕೂತು ದಾಡಿ ಮಾಡಿಸಿಕೊಳ್ಳುವವನೊಬ್ಬ, ತೊಡೆಯ ಮೇಲೆ ಕಾಗದವಿಟ್ಟು ಬರೆಯುವವನೊಬ್ಬ, ಬಿದಿರು ಮೆಳೆಯ ಮುಂದೆ ಅಂಗಿಯ ಗುಂಡಿ ಹಾಕಿಕೊಂಡು ಗಂಭೀರವಾಗಿ ನಿಂತವರು ಹಲವರು.

“ಯುದ್ಧದಾಗ ಕೈ ಖಾಲಿ ಇರೂದಿಲ್ರಿ ಸರ್. ಫೋಟೋ ಯಾರು ತೆಗೀತಾರ?” ಎಂದರು ಹವಾಲ್ದಾರರು.

ಕ್ಯಾಮೆರಾ ಯಾರೋ ಸಾಹೇಬರು ವರ್ಗವಾಗಿ ಹೋಗುವಾಗ ಕೊಟ್ಟದ್ದಂತೆ. ಲಾರಿಯಲ್ಲಿ ಸಿಪಾಯಿಗಳನ್ನು ಮುಂದಿನ ಠಾಣೆಗೆ ಬಿಟ್ಟುಬರುವುದು ಇವರ ಕೆಲಸ. ಇಳಿಯುವ ಮೊದಲು ಹುಡುಗರು “ಒಂದು ತೆಗೀರಿ, ಮನಿಗೆ ಕಳಸೂಣು” ಎನ್ನುತ್ತಿದ್ದರು. ಇವರು ತಮ್ಮ ಬಾಚಣಿಕೆ ಕೊಟ್ಟು, ಕಾಲರು ಸರಿಮಾಡಿ, ಆಮೇಲೆ ತೆಗೆಯುತ್ತಿದ್ದರು. ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ರೀಲು ಮುಗಿಯುತ್ತ ಬಂದಿದ್ದರೂ ಇಲ್ಲ ಎನ್ನುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ರಜೆಗೆ ಬಂದಾಗ ಗದಗಿನಲ್ಲಿ ತೊಳೆಸಿ, ಪ್ರತಿ ಹಾಕಿಸಿ, ವಿಳಾಸ ಸಿಕ್ಕವರ ಮನೆಗೆ ಮುಟ್ಟಿಸಿದ್ದರು. ಉಳಿದದ್ದು ಟ್ರಂಕಿನಲ್ಲಿ ಉಳಿಯಿತು.

ಒಪ್ಪಿಸಿ ಹೋದವರು ಮತ್ತೆ ಬರುವುದಿಲ್ಲ ಎಂದುಕೊಂಡಿದ್ದೆ. ವಾರ ವಾರ ಬಂದರು. ಫೋಟೋಗಳ ಕೆಳಗೆ ಬರೆಯಲು ಹೆಸರು, ಊರು ಬೇಕಲ್ಲ, ಒಂದೊಂದನ್ನೇ ನೋಡಿ ಹೇಳುತ್ತಿದ್ದರು. ಫೋಟೋದ ಹಿಂದೆ ಏನೂ ಬರೆದಿರಲಿಲ್ಲ. ಆಗಲೇ ಬರೆದಿಟ್ಟಿದ್ದರೆ ನಮಗೆ ಇಷ್ಟು ತ್ರಾಸ ತಪ್ಪುತ್ತಿತ್ತು ಎಂದು ನಾನು ಒಮ್ಮೆ ಗೊಣಗಿದೆ. “ನಿಮ್ಮ ಅಪ್ಪಾರ ಫೋಟೋದ ಹಿಂದ ‘ನಮ್ಮಪ್ಪ’ ಅಂತ ಬರದೀರೇನ್ರಿ?” ಎಂದು ಕೇಳಿದರು. ನಾನು ಚಹ ತರಿಸಿದೆ. ಚಹವನ್ನು ಬಸಿಗೆ ಹಾಕಿಕೊಂಡು, ಫೋಟೋಗಳಿಂದ ದೂರ ಹೋಗಿ, ಕಿಟಕಿಯ ಹತ್ತಿರ ನಿಂತು ಕುಡಿಯುತ್ತಿದ್ದರು. ಒಂದು ಹನಿ ಸಿಡಿಯಬಾರದು. ಈ ಶಿಸ್ತು ನಮ್ಮಲ್ಲಿಗೆ ಬರುವ ಸಂಶೋಧಕರಿಗಿಲ್ಲ. ಅವರು ಹಳೆಯ ಕಾಗದದ ಮೇಲೇ ಗಿರಮಿಟ್ ಇಟ್ಟುಕೊಂಡು ತಿನ್ನುತ್ತಾರೆ.

ಅವರಿಗೆ ಆಗಿಬರದ ಮಾತು ಒಂದೇ, ‘ಅಂದಾಜು’. ಸುಮಾರು ಯಾವ ತಿಂಗಳಿರಬಹುದು ಎಂದು ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದರು. “ಗೊತ್ತಿಲ್ಲ ಅಂತ ಬರೀರಿ, ಬಾಯಾರ. ಗೊತ್ತಿಲ್ಲ ಅನ್ನೂದೂ ಒಂದು ಖಬರನ.” ಯಾಕಿಷ್ಟು ಹಟ ಎಂದು ನಾನು ಕೇಳಿದ ದಿನ ಹೇಳಿದರು. “ಅಲ್ಲಿ ಒಬ್ಬಾಂವ ಅಂದಾಜಿನ ಮ್ಯಾಲ ದಾರಿ ಹೇಳಿದ್ದರಿ. ರಸ್ತಾ ಸಾಫ್ ಐತಿ, ಹೋಗ್ರಿ ಅಂದಾ. ಮುಂದಿನ ಗಾಡಿ ಹೋತು. ನಂದು ಹಿಂದಿತ್ತು, ಉಳೀತು.” ಮತ್ತೆ ನಾನು ಅವರ ಮುಂದೆ ಆ ಮಾತು ಆಡಲಿಲ್ಲ.

ಆಗಸ್ಟಿನಲ್ಲಿ ನಾವು ಕೆಲವು ಫೋಟೋಗಳನ್ನು ಪ್ರದರ್ಶನಕ್ಕಿಟ್ಟೆವು. ಪತ್ರಿಕೆಯಲ್ಲಿ ಸುದ್ದಿ ಬಂತು. ಅದನ್ನು ನೋಡಿ ಹಿರೇವಡ್ಡಟ್ಟಿಯಿಂದ ಆಕೆ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಜೊತೆಗೆ ಅಣ್ಣನ ಮಗ, ಹೊಲ ಮಾಡಿಕೊಂಡಿರುವ ನಡುವಯಸ್ಸಿನವನು. ಮುಂಡರಗಿಯ ಬಸ್ಸಿನಲ್ಲಿ ಬಂದು, ಬುತ್ತಿ ಗಂಟನ್ನು ಬಾಗಿಲ ಹೊರಗೇ ಇಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದಳು. ಹವಾಲ್ದಾರರೂ ಅವತ್ತು ಇದ್ದರು.

“ನಮ್ಮ ಅತ್ತಿ ಗಂಡ ಮಿಲಿಟರ್‍ಯಾಗ ತೀರಕೊಂಡಾನ್ರೀ. ಒಂದರ ಫೋಟೋ ಇಲ್ಲ ಮನ್ಯಾಗ” ಎಂದ ಅಣ್ಣನ ಮಗ.

ಹೆಸರೇನು ಎಂದು ನಾನು ಆಕೆಯನ್ನು ಕೇಳಿದೆ. ಆಕೆ ಗೋಡೆ ನೋಡಿದಳು. ಗಂಡನ ಹೆಸರು ಹೇಳುವ ಪೈಕಿ ಅಲ್ಲ. “ಫಕೀರಪ್ಪ, ಶಿರಹಟ್ಟಿ ಕಡೆಯಾವ್ರು” ಎಂದು ಅವನೇ ಹೇಳಿದ.

ಹವಾಲ್ದಾರರು ಎದ್ದು ನಿಂತೇಬಿಟ್ಟರು. “ಶಿರಹಟ್ಟಿ ಫಕೀರಪ್ಪ! ಐತಿ, ತಂಗೀ, ಫೋಟೋ ಐತಿ. ಇಬ್ಬರು ಕೂಡಿ ಕುಂತಾರ. ಇವಾ ಒಬ್ಬ, ಅಡರಕಟ್ಟಿ ನಿಂಗಪ್ಪ ಒಬ್ಬ. ನಿಂಗಪ್ಪ ತಿರುಗಿ ಬಂದಾ, ಇವಾ ಬರಲಿಲ್ಲ.” ನಾನು ತೆಗೆದುಕೊಡುವವರೆಗೂ ಅವರಿಗೆ ತಾಳ್ಮೆಯಿಲ್ಲ, ತಾವೇ ಬೀರುವಿನಿಂದ ಹುಡುಕಿ ತೆಗೆದರು. ಹೆಸರು ಬರೆಸುವ ಸರದಿ ಅದಕ್ಕಿನ್ನೂ ಬಂದಿರಲಿಲ್ಲ. ಲಾರಿಯ ಹಿಂಬದಿಯ ಹಲಗೆಯ ಮೇಲೆ ಇಬ್ಬರು ಹುಡುಗರು ಕೂತಿದ್ದಾರೆ. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಚಿಗುರು ಮೀಸೆ, ಹಣೆಯವರೆಗೆ ಇಳಿದ ಒಂದೇ ನಮೂನೆಯ ಟೋಪಿ. ಅದನ್ನು ಆಕೆಯ ಮುಂದೆ ಹಿಡಿದು, ತೋರಿಸಲು ಬೆರಳು ಎತ್ತಿದವರು, ಅಲ್ಲೇ ನಿಂತರು.

ಕಿಟಕಿಯ ಬೆಳಕಿಗೆ ಒಯ್ದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಒಂದು ಮುಖದ ಮೇಲೆ ಹೆಬ್ಬೆರಳಿಟ್ಟು ಸವರಿದರು, ಆಮೇಲೆ ಇನ್ನೊಂದರ ಮೇಲೆ. “ಇಲ್ಲಿ ವಿಭೂತಿ ಇತ್ತಲ್ರಿ” ಎಂದರು. ಯಾರನ್ನು ಕೇಳುತ್ತಿದ್ದಾರೋ ತಿಳಿಯಲಿಲ್ಲ. ಮತ್ತೆ ಎರಡು ಸಲ ಅದನ್ನೇ ಹೇಳಿ ಕುರ್ಚಿಯಲ್ಲಿ ಕುಸಿದರು. ಅವರು ನಮ್ಮಲ್ಲಿ ಕೂತದ್ದನ್ನು ನಾನು ಮೊದಲ ಬಾರಿ ನೋಡಿದ್ದು ಅವತ್ತು.

ಆಮೇಲೆ ತಡೆದು ತಡೆದು ಹೇಳಿದರು. ಯುದ್ಧ ಮುಗಿದ ವರ್ಷ ಫೋಟೋ ಹಿಡಿದುಕೊಂಡು ಶಿರಹಟ್ಟಿ ಕಡೆಯ ಆ ಹಳ್ಳಿಗೆ ಹೋಗಿದ್ದರು. ಸೊಸೆ ಆಗಲೇ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವನು ಫಕೀರಪ್ಪನ ತಂದೆ. ಮುದುಕ ಫೋಟೋ ನೋಡಿದ, ದೇವರ ಜಗುಲಿಯ ವಿಭೂತಿ ತಂದು ಮಗನ ಹಣೆಗೆ ಹಚ್ಚಿದ, ಹಚ್ಚಿ ತಿರುಗಿ ಕೊಟ್ಟುಬಿಟ್ಟ. ಇದನ್ನು ದಿನಾ ನೋಡಲು ನನ್ನ ಕೈಲಾಗುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದನಂತೆ. ಅಂದಿನಿಂದ ಇವರು ಪ್ರತಿ ಮಹಾನವಮಿಗೆ ಟ್ರಂಕು ತೆಗೆದು ಆ ಗುರುತಿನ ಮೇಲೇ ಹೊಸ ವಿಭೂತಿ ಇಡುತ್ತ ಬಂದರು. ಸತ್ತ ಬೇರೆ ಹುಡುಗರಿಗೂ ಅವರವರ ಮನೆಯ ರೂಢಿಯಂತೆ ವಿಭೂತಿಯೋ ಕುಂಕುಮವೋ ಇಟ್ಟರು.

“ನೀವು ಮುಸಲ್ಮಾನರು, ನಿಮಗ್ಯಾಕ್ರಿ ವಿಭೂತಿ?” ಎಂದು ಅಣ್ಣನ ಮಗ ಕೇಳಿಯೇಬಿಟ್ಟ.

“ಸತ್ತಾವ ನಾ ಅಲ್ಲಲ್ಲಪ್ಪಾ. ಸತ್ತಾವ್ರ ಮನಿ ಪದ್ಧತಿ ಸತ್ತಾವ್ರಿಗೆ. ನಮ್ಮವರಿಗೆ ಫಾತಿಹಾ ಓದತೀನಿ, ಅದು ಫೋಟೋದ ಮ್ಯಾಲ ಕಾಣೂದಿಲ್ಲ ಅಷ್ಟ.”

ಹಾಗೆ ಇಷ್ಟು ವರ್ಷ ಇಟ್ಟ ಗುರುತುಗಳನ್ನು, ನಮ್ಮ ಕಾರ್ಯದರ್ಶಿಗಳ ಇನಸ್ಪೆಕ್ಷನ್ನಿಗೆಂದು, ಹಿಂದಿನ ದಿನ ಕೂತು ಒದ್ದೆ ಅರಳೆಯಿಂದ ತಾವೇ ಒರೆಸಿದ್ದರು. ಬೂಟು, ಬೆಲ್ಟು, ಬಂದೂಕು ಒರೆಸಿದ ಕೈ. ಸಾಹೇಬರು ನೋಡುವ ವಸ್ತುವಿನ ಮೇಲೆ ಕಲೆ ಇರಬಾರದು, ಅಷ್ಟೇ ತಲೆಯಲ್ಲಿದ್ದದ್ದು. ನಾನು ‘ಭಾಳ ಚಲೋ ಇಟ್ಟೀರಿ’ ಎಂದಿದ್ದೂ ಅದಕ್ಕೇ. ಬೇರೆ ಫೋಟೋಗಳಲ್ಲಿ ಇದ್ದವರು ಅವರ ಜೊತೆ ಉಂಡು ಮಲಗಿದ ಪಲ್ಟನ್ನಿನವರು, ಗುರುತಿಲ್ಲದೆಯೂ ಗುರುತಿದ್ದವರು. ಈ ಇಬ್ಬರು ಮಾತ್ರ ಒಂದೇ ಒಂದು ದಿನ ಲಾರಿ ಹತ್ತಿ ಇಳಿದವರು.

“ನೆನಪು ನನ್ನ ತಲ್ಯಾಗ ಐತಿ ಅಂತ ತಿಳಕೊಂಡಿದ್ದೆ, ಬಾಯಾರ” ಎಂದರು. “ವಿಭೂತ್ಯಾಗ ಇತ್ತು.”

ನಾವೆಲ್ಲ ಆಕೆಯ ಕಡೆ ತಿರುಗಿದೆವು. ಹೆಂಡತಿಯೇ ಎದುರಿಗಿರುವಾಗ ಇಷ್ಟು ಕಷ್ಟ ಯಾಕೆ? ಫೋಟೋವನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಹತ್ತಿರ ಸರಿದು, ಗಂಡಸರಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಹೇಳಿದಳು.

“ನನಗ ಮಾರಿ ಗುರ್ತ ಇಲ್ರೀ ಯಕ್ಕಾ. ಲಗ್ನ ಆಗಿ ಒಂದ ಸುಗ್ಗಿ ಇದ್ರು ಮನ್ಯಾಗ. ಹಗಲ ಅತ್ತಿ, ಮಾವ, ಮೈದುನರು, ಮನಿ ತುಂಬ ಮಂದಿ. ಮಾರಿ ಎತ್ತಿ ಹ್ಯಾಂಗ ನೋಡೂದು? ರಾತ್ರಿ ಚಿಮಣಿ ಆರಸತಿದ್ರು. ಕಾಲಷ್ಟ ನೋಡೀನಿ. ಕಾಲು ತೋರಸ್ರಿ, ಹೇಳತೀನಿ.”

ಇಬ್ಬರೂ ಬೂಟು ಹಾಕಿದ್ದರು. ಅಣ್ಣನ ಮಗ ನಕ್ಕ. ಬೇರೆ ಯಾರೂ ನಗಲಿಲ್ಲವೆಂದು ಅವನೂ ನಿಲ್ಲಿಸಿದ. ಆಕೆ ಹೊರಗಿಟ್ಟ ಬುತ್ತಿ ಬಿಚ್ಚಿ ನಮಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಹವಾಲ್ದಾರರು ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಹೋಗುವಾಗ ಆಕೆಗೆ ಮಾತು ಕೊಟ್ಟರು, “ತಂಗೀ, ನಾ ಹುಡುಕಿ ಕೊಡತೀನಿ. ಖಾತ್ರಿ ಆದ ಮ್ಯಾಲ ಕೊಡತೀನಿ.”

ಅಲ್ಲಿಂದ ಶುರುವಾಯಿತು ನಮ್ಮ ಅಲೆದಾಟ. ಫೋಟೋವನ್ನು ಕಂಪ್ಯೂಟರಿನಲ್ಲಿ ಹಾಕಿ ದೊಡ್ಡದು ಮಾಡಿ ಎಂದರು, ಮಾಡಿದೆ. ಇನ್ನೂ ದೊಡ್ಡದು, ಇನ್ನೂ ದೊಡ್ಡದು. ಕಡೆಗೆ ಮುಖಗಳು ಒಡೆದು ಕಪ್ಪು ಬಿಳಿ ಚುಕ್ಕೆಗಳಾದವು. “ಹತ್ತರ ಹೋದಷ್ಟೂ ಮನುಷ್ಯಾನ ಕಾಣವಲ್ಲ” ಎಂದು ಕಣ್ಣು ಒರೆಸಿಕೊಂಡರು. ಸೇನೆಯ ಕಚೇರಿಗೆ ಬರೆದೆ. ಅಷ್ಟು ಹಿಂದಿನ ಸಿಪಾಯಿಯ ಫೋಟೋ ತಮ್ಮಲ್ಲಿ ಉಳಿದಿಲ್ಲವೆಂದು ವಿನಯದಿಂದಲೇ ಉತ್ತರ ಬಂತು. ಆಕೆಯ ಪಿಂಚಣಿಯ ಕಾಗದದಲ್ಲಿ ಆಕೆಯದೇ ಫೋಟೋ ಇತ್ತು, ಗಂಡನದಿಲ್ಲ.

ಶಿರಹಟ್ಟಿ ಕಡೆಯ ಫಕೀರಪ್ಪನ ಮನೆಯಲ್ಲಿ ಅವನನ್ನು ಕಂಡವರು ಯಾರೂ ಉಳಿದಿರಲಿಲ್ಲ. ಅಡರಕಟ್ಟಿಗೂ ಹೋದೆವು. ತಿರುಗಿ ಬಂದ ನಿಂಗಪ್ಪ ಬಹಳ ವರ್ಷ ಬದುಕಿ, ಹೊಲ ಮಾಡಿ, ತೀರಿಕೊಂಡಿದ್ದ. ಹೆಂಡತಿಯೂ ಹೋಗಿದ್ದಳು. ಅವನ ಮಗಳು ಮತ್ತು ಅವನ ತಮ್ಮ ಇದ್ದರು. ಇವನ ಮುಖ ಖಾತ್ರಿಯಾದರೆ ಉಳಿದವನು ಫಕೀರಪ್ಪ, ಲೆಕ್ಕ ಸರಳ. ಗೋಡೆಯ ಮೇಲೆ ಹಾರ ಹಾಕಿದ ದೊಡ್ಡ ಫೋಟೋ ನೋಡಿ ನನಗೆ ಜೀವ ಬಂದಂತಾಯಿತು. ಹತ್ತಿರ ಹೋದರೆ ಅದರಲ್ಲಿದ್ದವನು ಕೋಟು, ಟೈ ಹಾಕಿಕೊಂಡ ಬೆಳ್ಳನೆಯ ದುಂಡು ಮುಖದ ಸಾಹುಕಾರ.

“ಕೋಟು ಅಪ್ಪಾಂದಲ್ರೀ” ಎಂದಳು ಮಗಳು. “ಸತ್ತ ಮ್ಯಾಲ ರೇಷನ್ ಕಾರ್ಡಿನ ಫೋಟೋ ಕೊಟ್ಟಿದ್ವಿ. ಸ್ಟುಡಿಯೋದಾಂವ ಕೋಟು ಹಾಕಿದಾ. ಮಾರೀನೂ ಅರ್ಧಾ ಅವನ ಹಾಕ್ಯಾನ.”

ನಾವು ಒಯ್ದ ಫೋಟೋ ನೋಡಿ ಮಗಳು ಎಡಗಡೆಯವನೇ ಅಪ್ಪ ಎಂದಳು, ತಮ್ಮ ಬಲಗಡೆಯವನೇ ಅಣ್ಣ ಎಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಮ್ಮನ್ನು ಬಿಟ್ಟು ಅವರಿಬ್ಬರೇ ವಾದಕ್ಕೆ ಬಿದ್ದರು, ಹಳೆಯ ಯಾವುದೋ ಹೊಲದ ಬದುವಿನ ಮಾತೂ ಅದರಲ್ಲಿ ಬಂತು. ಹವಾಲ್ದಾರರು ಎದ್ದು, ಕೋಟು ಹಾಕಿದ ನಿಂಗಪ್ಪನಿಗೆ ಸೆಲ್ಯೂಟ್ ಹೊಡೆದು ಹೊರಬಂದರು. ಬಸ್ ಸ್ಟ್ಯಾಂಡಿನಲ್ಲಿ ಬಿಸಿಲಿತ್ತು. ಗಾಡಿ ತಡವಾಗಿತ್ತು. ನನ್ನ ಮೊಣಕಾಲು ನೋಯುತ್ತಿತ್ತು.

“ಹವಾಲ್ದಾರ್ರ, ಯಾವುದರ ಒಂದು ಹೇಳಿಬಿಡ್ರಿ” ಎಂದೆ. “ಆಕಿಗೇನು ಗೊತ್ತಾಗತೈತಿ? ಪೂಜಿಗೆ ಒಂದು ಮಾರಿ ಬೇಕು, ಅಷ್ಟ.” ಹಿರೇವಡ್ಡಟ್ಟಿಯ ಅಣ್ಣನ ಮಗನೂ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದ.

ಅವರು ಸಿಟ್ಟಾಗಲಿಲ್ಲ. ರಸ್ತೆ ನೋಡುತ್ತ ಹೇಳಿದರು, “ಒಬ್ಬ ಹೆಣಮಗಳಿಗೆ ಗಂಡನ್ನ ಕೊಡೂದೈತ್ರಿ. ಅಂದಾಜಿಲೆ ಹ್ಯಾಂಗ ಕೊಡಲಿ?”

ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡರು. ವಾರದ ಬರುವಿಕೆ ನಿಂತಿತು. ಮೆಟ್ಟಿಲ ಮೇಲೆ ಬೂಟಿನ ಸದ್ದಿಲ್ಲದೆ ನನಗೆ ಬೇಸರವಾಗತೊಡಗಿತು. ಬಂದಾಗ ಗೊಣಗಿದವಳೇ ಈಗ ಬಾಗಿಲು ನೋಡುತ್ತಿದ್ದೆ. ಒಂದು ದಿನ ಮಗಳು ಫೋನು ಮಾಡಿದಳು. “ಅಬ್ಬಾ ನಿದ್ದಿ ಮಾಡವಲ್ರು, ಬಾಯಾರ. ಒರಸಿಬಿಟ್ಟೆ, ಒರಸಿಬಿಟ್ಟೆ ಅಂತಾರ. ಡಾಕ್ಟರು ಇನ್ನ ಭಾಳ ದಿನಾ ಇಲ್ಲ ಅಂದಾರ.”

ಹಿರೇವಡ್ಡಟ್ಟಿಗೆ ಸುದ್ದಿ ಮುಟ್ಟಿಸಿದೆ. ಮರುದಿನ ಗದಗಿನ ಬಸ್ ಸ್ಟ್ಯಾಂಡಿಗೆ ಆಕೆ ಒಬ್ಬಳೇ ಬಂದಳು. ಇಬ್ಬರೂ ಲಕ್ಷ್ಮೇಶ್ವರದ ಗಾಡಿ ಹತ್ತಿದೆವು. ಅಸಲು ಫೋಟೋವನ್ನು ಪತ್ರಾಗಾರದ ಹೊರಗೆ ಒಯ್ಯಬಾರದು ಎಂಬ ನಿಯಮ ಬರೆದು ಗೋಡೆಗೆ ಅಂಟಿಸಿದವಳು ನಾನೇ. ಅವತ್ತು ಅದು ನನ್ನ ಚೀಲದಲ್ಲಿತ್ತು. ದಾರಿಯಲ್ಲಿ ಆಕೆ ಅದನ್ನು ಒಮ್ಮೆ ಈಸಿಕೊಂಡು ನೋಡಿ ಮರಳಿ ಕೊಟ್ಟಳು.

ಹವಾಲ್ದಾರರು ಅರ್ಧ ಆಗಿದ್ದರು. ನಮ್ಮನ್ನು ಕಂಡು ಕೈ ಕಾಲರಿಗೆ ಹೋಯಿತು, ಗುಂಡಿ ಹಾಕಿಕೊಳ್ಳಲು ನೋಡಿದರು, ಬೆರಳು ಕೇಳಲಿಲ್ಲ. ಮಗಳು ಹಾಕಿದಳು.

“ಆಗಲಿಲ್ಲ, ತಂಗೀ” ಎಂದರು. “ಮಾತು ಕೊಟ್ಟಿದ್ದೆ. ಆಗಲಿಲ್ಲ.”

ಆಕೆ ಮಂಚದ ಪಕ್ಕ ನೆಲದ ಮೇಲೆ ಕೂತು ಫೋಟೋಕ್ಕೆ ಕೈಯೊಡ್ಡಿದಳು. ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಆಮೇಲೆ ಬಲಗಡೆಯವನ ಮೇಲೆ ಬೆರಳಿಟ್ಟಳು.

“ಇವ್ರರೀ.”

ಅವರು ತಲೆ ಎತ್ತಿದರು. “ಅಂದಾಜಿಲೆ ಹೇಳಬ್ಯಾಡವಾ.”

“ಅಂದಾಜಲ್ರಿ ಯಣ್ಣಾ. ನಗೂ ಮುಂದ ಬಾಯಿ ಹಿಂಗ ಒಂದ ಕಡೆ ಸೊಟ್ಟ ಮಾಡತಿದ್ರು. ಬಸ್ಸಿನ್ಯಾಗ ನೋಡೂ ಮುಂದ ನೆನಪಾತು. ಗಂಡನ ಗುರ್ತ ಹೆಂಡತಿಗೆ ಹತ್ತೂದಿಲ್ಲೇನು?”

“ಖರೇ?”

“ಖರೇನ ಅಂತೀನಲ್ರಿ. ಎಷ್ಟ ಸಲಾ ಕೇಳತೀರಿ?” ಎಂದು ಗದರಿಸಿದಳು.

ಅವರು ಫೋಟೋ ಈಸಿಕೊಂಡು ನೋಡಿದರು. ಸೊಟ್ಟ ಬಾಯಿ ಅವರಿಗೂ ಕಂಡಿತೇನೋ, ತಲೆಯಾಡಿಸಿದರು. ನನಗೂ ಕಂಡಿತು, ಮೊದಲು ಯಾಕೆ ಕಾಣಲಿಲ್ಲವೋ ಎನ್ನಿಸಿತು. ಆಕೆ ಸೆರಗಿನ ಗಂಟು ಬಿಚ್ಚಿ ವಿಭೂತಿಯ ಚೂರು ತೆಗೆದು ಅವರ ಅಂಗೈಗೆ ಹಾಕಿದಳು. ಅವರು ಬೆರಳನ್ನು ನಾಲಿಗೆಗೆ ತಾಗಿಸಿ, ವಿಭೂತಿ ತೀಡಿ, ಆ ಹುಡುಗನ ಹಣೆಗೆ ಹಚ್ಚಿದರು. ದಾಖಲೆಗಳನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಊರಿಗೆಲ್ಲ ಪಾಠ ಹೇಳುವ ನಾನು ಕಿಟಕಿಯ ಹೊರಗೆ ನೋಡಿದೆ. ಹೊರಗೆ ಯಾರೋ ಬುಟ್ಟಿ ಹೊತ್ತು ಉಳ್ಳಾಗಡ್ಡಿ ಮಾರುತ್ತಿದ್ದರು. ನಾವು ಚಹ ಕುಡಿಯುವಷ್ಟರಲ್ಲಿ ಹವಾಲ್ದಾರರು ನಿದ್ದೆ ಹೋಗಿದ್ದರು. ಎಷ್ಟು ದಿನದ ಮೇಲೋ ಎಂದು ಮಗಳು ಅತ್ತಳು.

ಅದಾದ ವಾರದೊಳಗೇ ಅವರು ಹೋದದ್ದು. ಮಣ್ಣಿಗೆ ಹೋಗಿ ಬಂದೆ. ಮರುದಿನ ಫೋಟೋದ ಚೀಟಿಯಲ್ಲಿ ‘ಬಲಗಡೆ ಫಕೀರಪ್ಪ, ಎಡಗಡೆ ನಿಂಗಪ್ಪ’ ಎಂದು ಬರೆದೆ. ಬಲಗಡೆಯ ಮುಖವನ್ನಷ್ಟೇ ದೊಡ್ಡದು ಮಾಡಿಸಿ, ಕೋಟು ಗೀಟು ಹಾಕಬಾರದೆಂದು ಸ್ಟುಡಿಯೋದವನಿಗೆ ಕಟ್ಟುನಿಟ್ಟಾಗಿ ಹೇಳಿ, ಒಳ್ಳೆಯ ಕಟ್ಟು ಹಾಕಿಸಿದೆ. ಹವಾಲ್ದಾರರು ಕೊಟ್ಟ ಮಾತನ್ನು ನಾನಾದರೂ ಮುಟ್ಟಿಸಬೇಕಿತ್ತು. ನಿಜ ಹೇಳಬೇಕೆಂದರೆ, ಬಹಳ ವರ್ಷಗಳ ಮೇಲೆ ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಅನಿಸಿತ್ತು. ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮುಂಡರಗಿ, ಅಲ್ಲಿಂದ ಹಿರೇವಡ್ಡಟ್ಟಿ ಮುಟ್ಟಿದೆ.

ಮನೆಯಲ್ಲಿ ಆಕೆಯೊಬ್ಬಳೇ ಇದ್ದಳು, ಉಳಿದವರು ಹೊಲಕ್ಕೆ ಹೋಗಿದ್ದರು. ಹವಾಲ್ದಾರರ ಸುದ್ದಿ ಕೇಳಿದಳು. ನೆಮ್ಮದಿಯಿಂದ ಹೋದರೇ ಎಂದು ಕೇಳಿದಳು. ಹೌದು ಎಂದೆ. ಫೋಟೋ ಬಿಚ್ಚಿ ಕೊಟ್ಟೆ. ಎರಡೂ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಗಾಜು ಒರೆಸಿ, ನೋಡಿದಳು.

“ಚಂದ ಮಾಡಸೀರಿ, ಯಕ್ಕಾ” ಎಂದಳು. ಎಂದವಳು ಅದನ್ನು ಮರಳಿ ನನ್ನ ಮಡಿಲಲ್ಲಿಟ್ಟಳು. “ಇದನ್ನ ನೀವ ಒಯ್ಯಿರಿ.”

“ಯಾಕವ್ವಾ? ನಿಮ್ಮ ಮನಿಯವರಲ್ಲೇನು?”

“ಇದ್ರೂ ಇದ್ದಾರು. ನನಗ ಹ್ಯಾಂಗ ಗೊತ್ತಾಗಬೇಕು? ಅಡರಕಟ್ಟಿ ಆಕಿ ಗಂಡ ಇದ್ರ? ಇನ್ನೊಬ್ಬಾಕಿ ಗಂಡನ್ನ ನನ್ನ ಗ್ವಾಡಿಗೆ ಹ್ಯಾಂಗ ತೂಗುಹಾಕಲಿ?”

“ಮತ್ತ ಅವತ್ತ ಗುರ್ತ ಹತ್ತೇತಿ ಅಂದ್ರಿ? ನಗೂ ಮುಂದ ಬಾಯಿ ಸೊಟ್ಟ ಅಂದ್ರಿ?”

“ಅವ್ರು ನಗೂದನ್ನ ನಾ ಯಾವಾಗ ನೋಡಿದ್ನಿರಿ?” ಎಂದಳು ಆಕೆ. “ಮಾರಿ ಇಲ್ಲದ ಗಂಡನ ಜೋಡಿ ಬಾಳೇವು ಮಾಡಿ ನನಗ ರೂಢಿ ಆಗೇತಿ. ಹವಾಲ್ದಾರ್ರಿಗೆ ಆ ರೂಢಿ ಇದ್ದಿದ್ದಿಲ್ಲ. ಹುಡುಕಿ ಹುಡುಕಿ ದಣದಿದ್ರು, ಪಾಪ. ಮನಗಲಿ ಅಂತ ಅಂದೆ.”